ಸೈನಿಕನಿಗೆ ಗುಳಿಗೆ, ಮದ್ದು ಹೊಡೆಯುವವನಿಗೆ ಏನು?
(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಹುಳಕ್ಕೆ ಹೊಡೆಯುವ ವಿಷವನ್ನು ನಾವು ‘ಮದ್ದು’ ಎನ್ನುತ್ತೇವೆ. ಒಮ್ಮೆ ನಮ್ಮ ಲೈನಿನ ಹುಡುಗನೊಬ್ಬ ಮದ್ದಿನಲ್ಲಿ ನೆನೆದ ಅಂಗಿಯಲ್ಲೇ ಸಂಜೆಯವರೆಗೆ ಪಂಪು ಹೊತ್ತ. ತಲೆ ಸುತ್ತುತ್ತದೆ ಎಂದಾಗ ‘ಬಿಸಿಲಿಗೆ ಹಾಗಾಗುತ್ತದೆ’ ಎಂದರು. ಅದು ಬಿಸಿಲಾಗಿರಲಿಲ್ಲ.

1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಎಂಬ ವಿಜ್ಞಾನಿ ಹುಳ ಕೊಲ್ಲುವ ಮದ್ದು ಹುಡುಕುವಾಗ ಸಿಕ್ಕಿದ್ದು ಟಾಬುನ್ ಎಂಬ ಯುದ್ಧವಿಷ. ಆರ್ಗನೋಫಾಸ್ಫೇಟ್ ಜಾತಿಯ ಮದ್ದುಗಳು ಅದರ ದಾಯಾದಿಗಳೇ; ಬಲ ಕಡಿಮೆ, ಅಷ್ಟೆ.

ನರ ಕೊಟ್ಟ ಆಜ್ಞೆಯನ್ನು ಕೆಲಸ ಮುಗಿದೊಡನೆ ಅಳಿಸಲು ನಮ್ಮ ಮೈಯಲ್ಲಿ ಒಂದು ಕಿಣ್ವವಿದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಜ್ಞೆ ನಿಲ್ಲುವುದಿಲ್ಲ. ಬೆವರು, ಜೊಲ್ಲು, ವಾಂತಿ, ಸೆಳೆತ. ಕೊನೆಗೆ ಉಸಿರು ಕಟ್ಟುತ್ತದೆ.

1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಪಿರಿಡೋಸ್ಟಿಗ್ಮಿನ್ ಎಂಬ 30 ಮಿಲಿಗ್ರಾಂ ಗುಳಿಗೆಯನ್ನು 8 ಗಂಟೆಗೊಮ್ಮೆ ನುಂಗಲು ಕೊಟ್ಟರು. ಬಿತ್ತನೆಗೆಂದು ಒಂದಿಷ್ಟು ಭತ್ತ ತೆಗೆದಿಟ್ಟಂತೆ, ಅದು ಕಿಣ್ವದ ಒಂದು ಪಾಲನ್ನು ವಿಷಕ್ಕೆ ಸಿಗದಂತೆ ಹಿಡಿದಿಟ್ಟು, ಆಮೇಲೆ ಬಿಟ್ಟುಕೊಡುತ್ತದೆ. ಆದರೆ ಅದು ಸೋಮನ್ ಎಂಬ ಒಂದೇ ಯುದ್ಧವಿಷಕ್ಕಾಗಿ. ವಿಷ ತಗಲಿದ ಮೇಲೆ ಅಟ್ರೋಪಿನ್ ಮುಂತಾದ ಸೂಜಿಮದ್ದು ಬೇಕೇ ಬೇಕು. ವಿಷ ತಗಲುವ ಹೊತ್ತಿಗೆ ಆ ಗುಳಿಗೆ ನುಂಗಿದರೆ ಕೇಡೇ ಹೆಚ್ಚಬಹುದು. ಆದ್ದರಿಂದ ಯಾರಾದರೂ ‘ಮುಂಚೆಯೇ ನುಂಗುವ ಗುಳಿಗೆ’ ಎಂದು ಏನಾದರೂ ಕೊಟ್ಟರೆ ನಂಬಬೇಡಿ.

ನಮಗೆ ಹೊಂದುವ ಮುನ್ನೆಚ್ಚರಿಕೆ ಮೈಮೇಲಿನದು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯವರು ಈ ವಿಷವನ್ನು ಚರ್ಮದ ಮೇಲೆಯೇ ಮುರಿಯುವ ಲೇಪವನ್ನು ಇಲಿಗಳ ಮೇಲೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. 2024ರ ಡಿಸೆಂಬರಿನಲ್ಲಿ ‘ಕಿಸಾನ್ ಕವಚ್’ ಎಂಬ ಉಡುಪು ಹೊರಬಂತು. ತಾಗಿದ ವಿಷವನ್ನು ಅದರ ಬಟ್ಟೆಯೇ ಮುರಿಯುತ್ತದೆ. ಆಗ ಹೇಳಿದ ಬೆಲೆ ಸುಮಾರು 4,000 ರೂಪಾಯಿ. ದಿನಗೂಲಿಯವನು ಅದನ್ನು ಕೊಳ್ಳುವುದು ಹೇಗೆ?

ಕೊಡಬೇಕಾದವರು ಕೆಲಸ ಕೊಟ್ಟವರು. 1971ರ ಕೀಟನಾಶಕ ನಿಯಮಗಳಲ್ಲಿಯೇ ರಕ್ಷಣಾ ಉಡುಪು, ವೈದ್ಯಕೀಯ ಪರೀಕ್ಷೆ, ಈ ಕಿಣ್ವದ ರಕ್ತಪರೀಕ್ಷೆಯ ಮಾತಿದೆ. ರಕ್ತದಲ್ಲಿ ಕಿಣ್ವ ಇಳಿದಿದ್ದರೆ ಆಳು ಬೀಳುವ ಮೊದಲೇ ಗೊತ್ತಾಗುತ್ತದೆ. ಮುಂದಿನ ಮಾತುಕತೆಯಲ್ಲಿ ನಾವು ಕೂಲಿಯ ಜೊತೆಗೆ ಇದನ್ನೂ ಕೇಳೋಣ.

ಅಲ್ಲಿಯವರೆಗೆ ತಾಯಂದಿರೇ, ಇಷ್ಟು ಮಾಡಿ. ಮದ್ದಿನ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬೇಡಿ. ಮೈಗೆ ಚೆಲ್ಲಿದರೆ ಕೂಡಲೇ ಅಂಗಿ ಕಳಚಿಸಿ, ಸೋಪು ಹಚ್ಚಿ ತೊಳೆಯಿರಿ. ಜೊಲ್ಲು, ವಾಂತಿ, ಏದುಸಿರು ಕಂಡರೆ ಡಬ್ಬಿಯ ಚೀಟಿಯೊಡನೆ ಆಸ್ಪತ್ರೆಗೆ ಓಡಿ. ‘ಬಿಸಿಲು’ ಎಂದವರ ಮಾತಿಗೆ ಕಾಯಬೇಡಿ.