ಬಿಡುಗಡೆಗೆಂದು ಬಂದವರು ಬೇಡವಾದದ್ದು ಹೇಗೆ?



ಪರದೇಶದ ಸೈನ್ಯವೊಂದು ನಾಡಿಗೆ ಕಾಲಿಟ್ಟೊಡನೆ ಜನರು ತಿರುಗಿಬೀಳುತ್ತಾರೆಂದು ನೀವು ಭಾವಿಸಿರಬಹುದು. ಯಾವಾಗಲೂ ಹಾಗಾಗುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದ ಬರ್ಮಾ, ಅಂದರೆ ಇಂದಿನ ಮ್ಯಾನ್ಮಾರ್, ಇದಕ್ಕೆ ನಿದರ್ಶನ.

1942ರ ಮಾರ್ಚ್ 8ರಂದು ರಂಗೂನ್ ನಗರ ಜಪಾನಿ ಸೈನ್ಯದ ವಶವಾಯಿತು. ಬ್ರಿಟಿಷರ ಆಳ್ವಿಕೆಯಿಂದ ಬೇಸತ್ತಿದ್ದ ಅನೇಕ ಬರ್ಮೀಯರು ಜಪಾನಿಯರನ್ನು ಬಿಡುಗಡೆಗಾರರೆಂದೇ ಸ್ವಾಗತಿಸಿದರು. ಆಂಗ್ ಸಾನ್ ಮತ್ತು ಸಂಗಡಿಗರು ಜಪಾನಿಯರಿಂದ ತರಬೇತಿ ಪಡೆದು, ತಮ್ಮದೇ ಪಡೆ ಕಟ್ಟಿಕೊಂಡು ಅವರ ಜೊತೆಯಲ್ಲೇ ಬಂದಿದ್ದರು. ಕರೆನ್ ಜನರಲ್ಲಿ ಬಹಳ ಮಂದಿ ಮಾತ್ರ ಬ್ರಿಟಿಷರ ಕಡೆಗೇ ಉಳಿದರು.

ಹಾಗಾದರೆ ಈ ಸ್ನೇಹ ಹಳಸಿದ್ದೇಕೆ?

ಮೊದಲನೆಯದು ದಿನನಿತ್ಯದ ಅವಮಾನ. ತಪ್ಪು ಮಾಡಿದ ಸಿಪಾಯಿಯ ಕೆನ್ನೆಗೆ ಹೊಡೆಯುವುದು ಜಪಾನಿ ಸೇನೆಯಲ್ಲಿ ಸಾಮಾನ್ಯವಾಗಿತ್ತು. ಅದೇ ಶಿಕ್ಷೆಯನ್ನು ಅವರು ಬೀದಿಯಲ್ಲಿ ಊರಿನವರಿಗೂ ಕೊಟ್ಟರು. ನಾಲ್ಕು ಜನರೆದುರು ಕಪಾಳಕ್ಕೆ ಬಿದ್ದ ಏಟು ಬರ್ಮೀಯರಿಗೆ ಸಹಿಸಲಾಗದ ಅಪಮಾನ. ಹೊಡೆದವನು ಮರೆಯುತ್ತಾನೆ, ಹೊಡೆಸಿಕೊಂಡವನು ಮರೆಯುವುದಿಲ್ಲ.

ಎರಡನೆಯದು ಹೊಟ್ಟೆಪಾಡು. ಅಕ್ಕಿಯ ರಫ್ತಿಗೆ ಹೆಸರಾಗಿದ್ದ ದೇಶದಲ್ಲಿ ರಫ್ತು ನಿಂತು, ಬೆಳೆದ ಬತ್ತಕ್ಕೆ ಕೊಳ್ಳುವವರಿಲ್ಲವಾಯಿತು. ಬಟ್ಟೆ ಸಿಗದಾಯಿತು. ರೈತರ ಎತ್ತು, ಗಾಡಿಗಳು ಸೈನ್ಯದ ಪಾಲಾದವು. ಸೈನ್ಯ ಅಚ್ಚುಹಾಕಿಸಿದ ನೋಟುಗಳು ಬೆಲೆ ಕಳೆದುಕೊಂಡವು.

ಮೂರನೆಯದು ಬಿಟ್ಟಿ ದುಡಿಮೆ. ಥಾಯ್ಲೆಂಡಿನಿಂದ ಬರ್ಮಾಕ್ಕೆ ಸುಮಾರು 415 ಕಿಲೋಮೀಟರ್ ರೈಲುಮಾರ್ಗವನ್ನು 1943ರ ಅಕ್ಟೋಬರಿನ ವೇಳೆಗೆ ಮುಗಿಸಲಾಯಿತು. ಯುದ್ಧಕೈದಿಗಳ ಜೊತೆಗೆ ಬರ್ಮೀಯರು, ಮಲಯದ ತೋಟಗಳ ತಮಿಳು ಕೂಲಿಗಳು, ಇತರರು ಅಲ್ಲಿ ದುಡಿದರು. ಹಸಿವು, ಕಾಲರಾ, ಮಲೇರಿಯಾಗಳಿಗೆ ಹತ್ತಾರು ಸಾವಿರ ಮಂದಿ ಬಲಿಯಾದರು.

ಕೊನೆಯದು ಮಾತಿಗೂ ಕೃತಿಗೂ ಇದ್ದ ಅಂತರ. 1943ರ ಆಗಸ್ಟ್ 1ರಂದು ಬರ್ಮಾ ಸ್ವತಂತ್ರವೆಂದು ಘೋಷಣೆಯಾಯಿತು; ಬಾ ಮಾ ಸರ್ಕಾರದ ಮುಖ್ಯಸ್ಥರಾದರು. ಆದರೆ ನಿಜವಾದ ಅಧಿಕಾರ ಜಪಾನಿ ಸೇನೆಯ ಕೈಯಲ್ಲೇ ಉಳಿಯಿತು. ಅದರ ಸೇನಾ ಪೊಲೀಸರಾದ ಕೆಂಪೇತಾಯ್ ಎಂದರೆ ಜನ ನಡುಗುತ್ತಿದ್ದರು.

ಇಲ್ಲಿ ಒಂದು ಸರಪಳಿ ಕ್ರಿಯೆಯನ್ನು ಗಮನಿಸಿ. ಭಾಷೆ ತಿಳಿಯದ ಸೈನಿಕನಿಗೆ ಎಲ್ಲರ ಮೇಲೂ ಸಂಶಯ. ಸಂಶಯದಿಂದ ದಬ್ಬಾಳಿಕೆ, ದಬ್ಬಾಳಿಕೆಯಿಂದ ದ್ವೇಷ, ದ್ವೇಷದಿಂದ ಮತ್ತಷ್ಟು ಸಂಶಯ.

1945ರ ಮಾರ್ಚ್ 27ರಂದು, ಜಪಾನಿಯರೇ ಬೆಳೆಸಿದ ಬರ್ಮೀ ಸೇನೆ ಅವರ ಮೇಲೆಯೇ ಬಂದೂಕು ತಿರುಗಿಸಿತು. ಬ್ರಿಟಿಷರು ಗೆಲ್ಲುತ್ತಿದ್ದಾರೆಂಬ ಲೆಕ್ಕಾಚಾರವೂ ಅದರಲ್ಲಿತ್ತು, ನಿಜ. ಆದರೆ ಮರಳಿ ಬಂದ ಬ್ರಿಟಿಷರನ್ನೂ ಅವರು ಒಪ್ಪಲಿಲ್ಲ. 1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾಯಿತು.

ಮುಂದೆ ಯಾವುದೇ ದೇಶದ ಇತಿಹಾಸ ಓದುವಾಗ ಸೇನಾಪತಿಯ ಘೋಷಣೆಯನ್ನಷ್ಟೇ ನೋಡಿ ನಿಲ್ಲಬೇಡಿ. ಸಂತೆಯಲ್ಲಿ, ಗದ್ದೆಯಲ್ಲಿ, ಬೀದಿಯ ಕಾವಲಿನಲ್ಲಿ ಸಾಮಾನ್ಯರಿಗೆ ಏನಾಯಿತೆಂದು ಕೇಳಿ. ಬಂದ ಸೈನ್ಯ ಏಕೆ ಬೇಡವಾಯಿತೆಂಬುದು ಅಲ್ಲಿ ತಿಳಿಯುತ್ತದೆ.