ಬೈಪೋಲಾರ್ ಕಾಯಿಲೆ: ಗುಂಪಿನಲ್ಲಿ ಬದಲಾಗುವ ನಂಬಿಕೆಗಳು

ಬೈಪೋಲಾರ್ ಕಾಯಿಲೆಯಲ್ಲಿ ಮೇರೆ ಮೀರಿದ ಉತ್ಸಾಹದ ಉನ್ಮಾದವೂ ಎಲ್ಲವನ್ನೂ ಬರಿದಾಗಿಸುವ ಖಿನ್ನತೆಯೂ ಮತ್ತೆ ಮತ್ತೆ ಬಂದುಹೋಗುತ್ತವೆಯಾದರೂ, ಚಿಕಿತ್ಸೆಯ ಎಳೆ ಅನೇಕ ವೇಳೆ ಕಡಿದುಹೋಗುವುದು ಇವೆರಡೂ ಇಲ್ಲದ ನೆಮ್ಮದಿಯ ತಿಂಗಳುಗಳಲ್ಲಿ. ನಿದ್ರೆ, ಊಟ, ಕೆಲಸ ಹಳಿಗೆ ಬಂದ ಮೇಲೆ ಇನ್ನು ಮಾತ್ರೆ ಏಕೆಂದು ರೋಗಿಗೂ ಮನೆಯವರಿಗೂ ಅನ್ನಿಸತೊಡಗುತ್ತದೆ. ಜ್ವರ ಬಿಟ್ಟೊಡನೆ ಔಷಧ ನಿಲ್ಲಿಸಿ ರೂಢಿಯಾದವರ ತರ್ಕವೇ ಇಲ್ಲಿಯೂ ಮುಂದುವರಿಯುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಹೊವಾರ್ಡ್ ಲೆವೆಂಥಾಲ್ ಅವರ ಪ್ರಕಾರ ಯಾವುದೇ ರೋಗಿ ತನ್ನ ಕಾಯಿಲೆಯ ಹೆಸರು ಮತ್ತು ಲಕ್ಷಣ, ಕಾರಣ, ಅವಧಿ, ಪರಿಣಾಮ, ಹತೋಟಿಯ ಸಾಧ್ಯತೆ ಎಂಬ ಐದು ವಿಷಯಗಳಲ್ಲಿ ತನ್ನದೇ ತಿಳಿವಳಿಕೆಯನ್ನು ಕಟ್ಟಿಕೊಂಡು, ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾನೆ. ಇಂತಹ ನಂಬಿಕೆಗಳನ್ನು ಅಳೆಯುವ ಪ್ರಶ್ನಾವಳಿಯೊಂದು 1996ರಲ್ಲಿ ರೂಪುಗೊಂಡಿತು. 2002ರಲ್ಲಿ ಅದನ್ನು ಪರಿಷ್ಕರಿಸಿದಾಗ, ಬಂದು ಹೋಗಿ ಮರಳಿ ಬರುವ ಆವರ್ತನೆಯ ಅಂಶವೂ ಸೇರಿತು. ಬೈಪೋಲಾರ್ ಕಾಯಿಲೆಯ ಮಟ್ಟಿಗೆ ಇದೇ ನಿರ್ಣಾಯಕ ಅಂಶ, ಏಕೆಂದರೆ ಕಾಯಿಲೆ ಮುಗಿಯಿತೆಂಬ ನಂಬಿಕೆ ಬಿಡಿ ತಪ್ಪು ಮಾಹಿತಿಯಾಗಿರದೆ, ಬದುಕನ್ನು ಮತ್ತೆ ಎಂದಿನಂತೆ ಕಾಣುವ ಹಂಬಲದಲ್ಲಿ ಬೇರುಬಿಟ್ಟಿರುತ್ತದೆ.

ಆ ಬೇರನ್ನು ವೈದ್ಯರ ಒಂದು ಮಾತು ಅಲುಗಿಸುವುದು ಕಷ್ಟ. ಬಾರ್ಸಿಲೋನಾದಲ್ಲಿ ಫ್ರಾನ್ಸೆಸ್ಕ್ ಕೊಲೋಮ್, ಎಡ್ವರ್ಡ್ ವಿಯೆಟಾ ಮತ್ತು ಸಂಗಡಿಗರು ರೂಪಿಸಿದ ಮನೋಶಿಕ್ಷಣ, ಅಂದರೆ ಕಾಯಿಲೆಯ ಸ್ವರೂಪವನ್ನೂ ಅದರೊಡನೆ ಬಾಳುವ ಬಗೆಯನ್ನೂ ಕ್ರಮಬದ್ಧವಾಗಿ ಕಲಿಸುವ ಚಿಕಿತ್ಸೆ, ಈ ಕಾರಣಕ್ಕೇ ಗುಂಪನ್ನು ಆಧರಿಸಿದೆ ಎನ್ನಬಹುದು. ವಾರಕ್ಕೊಮ್ಮೆ 90 ನಿಮಿಷದಂತೆ 21 ಬೈಠಕ್‌ಗಳಲ್ಲಿ ಕಾಯಿಲೆಯ ಅರಿವು, ಔಷಧ ತಪ್ಪಿಸದಿರುವುದು, ಮಾದಕ ವಸ್ತುಗಳಿಂದ ದೂರವಿರುವುದು, ಮುನ್ಸೂಚನೆಗಳನ್ನು ಗುರುತಿಸುವುದು, ನಿಯಮಿತ ದಿನಚರಿ ಮುಂತಾದವು ಚರ್ಚೆಗೆ ಬರುತ್ತವೆ. ನಿದ್ರೆ ಕಡಿಮೆಯಾದರೂ ದಣಿವೇ ಕಾಣದ ದಿನಗಳನ್ನು ವರವೆಂದುಕೊಂಡಿದ್ದವನಿಗೆ, ಅದೇ ದಿನಗಳ ಮುಂದಿನ ಕಥೆಯನ್ನು ಮತ್ತೊಬ್ಬ ರೋಗಿಯ ಬಾಯಿಂದ ಕೇಳಿದಾಗ ತನ್ನ ಅನುಭವವೇ ಬೇರೆಯಾಗಿ ಕಾಣಿಸುತ್ತದೆ. ಆ ಮಾತಿನಲ್ಲಿ ಉಪದೇಶದ ಸೋಂಕಿಲ್ಲದಿರುವುದರಿಂದ ಅದನ್ನು ತಳ್ಳಿಹಾಕುವುದೂ ಸುಲಭವಲ್ಲ.

ರೋಗ ಉಪಶಮನಗೊಂಡಿದ್ದ 120 ಮಂದಿಯನ್ನು ಒಳಗೊಂಡ ಈ ತಂಡದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಎಂದಿನ ಔಷಧ ನಡೆಯುತ್ತಿದ್ದು, ಒಂದು ಗುಂಪಿಗೆ ಮನೋಶಿಕ್ಷಣವೂ ಮತ್ತೊಂದಕ್ಕೆ ಪಾಠವಿಲ್ಲದ ಸಾಮಾನ್ಯ ಗುಂಪು ಭೇಟಿಗಳೂ ದೊರೆತವು; ಎರಡು ವರ್ಷಗಳ ಕೊನೆಗೆ ಕಾಯಿಲೆ ಮರುಕಳಿಸಿದವರು ಮೊದಲ ಗುಂಪಿನಲ್ಲಿ ಶೇ. 67, ಎರಡನೆಯದರಲ್ಲಿ ಶೇ. 92. ಲಿಥಿಯಂ ಸೇವಿಸುತ್ತಿದ್ದವರ ರಕ್ತದಲ್ಲಿ ಆ ಔಷಧದ ಮಟ್ಟ ಮನೋಶಿಕ್ಷಣ ಪಡೆದವರಲ್ಲಿ ಹೆಚ್ಚು ಸ್ಥಿರವಾಗಿತ್ತೆಂದು 2005ರಲ್ಲಿ ಅದೇ ತಂಡ ತೋರಿಸಿತು. ನಂಬಿಕೆಯನ್ನು ಇದು ನೇರವಾಗಿ ಅಳೆಯದಿದ್ದರೂ, ಮಾತ್ರೆಯ ಬಗೆಗಿನ ಮನೋಭಾವ ದಿನನಿತ್ಯದ ನಡತೆಗೆ ಇಳಿದಿರಬೇಕೆಂಬುದಕ್ಕೆ ಒಳ್ಳೆಯ ಕುರುಹು.

ಇಂಗ್ಲೆಂಡಿನಲ್ಲಿ 304 ಮಂದಿಯೊಡನೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಹರೋಗಿಗಳ ಬೆಂಬಲ ಗುಂಪಿಗಿಂತ ಮನೋಶಿಕ್ಷಣ ಒಟ್ಟಾರೆಯಾಗಿ ಹೆಚ್ಚು ಫಲಕಾರಿಯೆಂದು ಕಾಣಲಿಲ್ಲ. ಆದರೆ ಅದುವರೆಗೆ ಏಳಕ್ಕಿಂತ ಹೆಚ್ಚು ಬಾರಿ ಕಾಯಿಲೆ ಕೆರಳಿರದವರಿಗೆ ಪ್ರಯೋಜನ ಕಂಡುಬಂತು. ಸೋಲುಗಳು ಪೇರಿಕೊಂಡಂತೆ ಹತೋಟಿ ಅಸಾಧ್ಯವೆಂಬ ನಂಬಿಕೆಯೂ ಗಟ್ಟಿಯಾಗುತ್ತದೆಂದು ಇದರಿಂದ ಊಹಿಸಲು ಅವಕಾಶವಿದೆ. ಹಾಗೆಂದು ಹತೋಟಿಯ ಮಾತನ್ನು ಅತಿಯಾಗಿ ಹೇಳಿದರೆ, ಮುಂದೆ ಕಾಯಿಲೆ ಮರುಕಳಿಸಿದಾಗ ರೋಗಿ ಅದನ್ನು ತನ್ನ ತಪ್ಪೆಂದು ಹೊತ್ತುಕೊಳ್ಳುವ ಅಪಾಯ ಚಿಕ್ಕದಲ್ಲ. ಗುಂಪು ನಡೆಸುವವರು ಇದರ ಮೇಲೆ ಸದಾ ಕಣ್ಣಿಡಬೇಕಾಗುತ್ತದೆ.

ಮಾತ್ರೆಯ ಡಬ್ಬಿ ತಾಯಿಯ ಅಥವಾ ಹೆಂಡತಿಯ ಕೈಯಲ್ಲಿರುವ ಕರ್ನಾಟಕದ ಮನೆಗಳಿಗೆ ಬಾರ್ಸಿಲೋನಾದ ಇನ್ನೊಂದು ಪ್ರಯೋಗ ಹೆಚ್ಚು ಹತ್ತಿರದ್ದು. ರೋಗಿಗಳನ್ನು ಹೊರಗಿಟ್ಟು, ಅವರನ್ನು ನೋಡಿಕೊಳ್ಳುವವರಿಗಷ್ಟೇ 12 ಬೈಠಕ್‌ಗಳ ಮನೋಶಿಕ್ಷಣ ನೀಡಿದಾಗಲೂ ರೋಗಿಗಳಲ್ಲಿ ಕಾಯಿಲೆ, ಮುಖ್ಯವಾಗಿ ಉನ್ಮಾದ, ಮರುಕಳಿಸುವುದು ಕಡಿಮೆಯಾಯಿತು.