ಲೆಕ್ಕ ಯಾರಿಗೆ ಒಪ್ಪಿಸಬೇಕು?

(ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಡು, ಮಣ್ಣು, ನೀರಿನ ಕುರಿತು ಮಾತನಾಡುವ ಈ ವೇದಿಕೆಯಲ್ಲಿ ಅಧಿಕಾರದ ಕುರಿತು ಮಾತನಾಡುವಂತೆ ಬಳಗದವರು ಸೂಚಿಸಿದ್ದಾರೆ. ಅಂಕೆಯಿಲ್ಲದ ಅಧಿಕಾರ ಕೈಗೆ ಬಂದಾಗ ನಮ್ಮ ನಿಮ್ಮಂತಹ ಸಾಮಾನ್ಯ ಜನರೇ ಇತರರನ್ನು ಹೇಗೆ ಹಿಂಸಿಸಬಲ್ಲರು ಎಂಬುದು ಪ್ರಶ್ನೆ. ನನ್ನ ಅಭ್ಯಾಸದ ವಿಷಯ ಬೆಳೆಗಳೇ ಹೊರತು ರಾಜ್ಯಶಾಸ್ತ್ರವಲ್ಲ. ಆದುದರಿಂದ ಒಂದು ಬಳ್ಳಿಯ ಕಥೆಯ ಮೂಲಕ ಈ ಪ್ರಶ್ನೆಯನ್ನು ಪ್ರವೇಶಿಸುತ್ತೇನೆ.

ಸುಳ್ಯ, ಪುತ್ತೂರು ಸೀಮೆಯಲ್ಲಿ ನಾವು ಕಾಣುವ ರಬ್ಬರ್ ಮರದ ಮೂಲ ಬ್ರೆಜಿಲ್. 1876ರಲ್ಲಿ ಅದರ ಬೀಜಗಳನ್ನು ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಲಾಯಿತು. ಅಲ್ಲಿಂದ ಸಸಿಗಳು ಸಿಲೋನ್, ಸಿಂಗಾಪುರಗಳನ್ನು ತಲುಪಿದವು. ಆದರೆ ನೆಟ್ಟ ಮರ ಹಾಲು ಕೊಡಲು ಆರೇಳು ವರ್ಷ ಕಾಯಬೇಕು. ತೋಟದ ರಬ್ಬರ್ ಮಾರುಕಟ್ಟೆಗೆ ಬರುವ ಎಷ್ಟೋ ಮೊದಲು, 1888ರಲ್ಲಿ, ಡನ್‌ಲಪ್ ಎಂಬ ಪಶುವೈದ್ಯ ಗಾಳಿ ತುಂಬುವ ಟಯರನ್ನು ರೂಪಿಸಿದ. ಸೈಕಲ್ಲು, ಅದರ ಹಿಂದೆಯೇ ಮೋಟಾರು ವಾಹನಗಳು ಬಂದವು. ರಬ್ಬರಿನ ಬೆಲೆ ಗಗನಕ್ಕೇರಿತು. ನೆಡದೆ, ಕಾಯದೆ, ಆ ಕ್ಷಣದಲ್ಲೇ ರಬ್ಬರ್ ಸಿಗಬಹುದಾದ ಸ್ಥಳಗಳಲ್ಲಿ ಆಫ್ರಿಕಾದ ಕಾಂಗೋ ಕಾಡೂ ಒಂದಾಗಿತ್ತು. ಅಲ್ಲಿ ಲ್ಯಾಂಡಾಲ್ಫಿಯಾ ಎಂಬ ಕಾಡುಬಳ್ಳಿ ಮರಗಳ ನೆತ್ತಿಯವರೆಗೆ ಹಬ್ಬಿ ಬೆಳೆಯುತ್ತದೆ. ನಮ್ಮ ಕಣಗಿಲೆ, ಹಾಲೆಮರಗಳ ಕುಟುಂಬಕ್ಕೇ ಸೇರಿದ ಸಸ್ಯ ಅದು. ಅದರ ಹಾಲು ಹೆಪ್ಪುಗಟ್ಟಿದರೆ ರಬ್ಬರ್.

1885ರಿಂದ 1908ರವರೆಗೆ ಕಾಂಗೋ ದೇಶ ಬೆಲ್ಜಿಯಂನ ದೊರೆ ಎರಡನೆಯ ಲಿಯೋಪೋಲ್ಡನ ಖಾಸಗಿ ಸ್ವತ್ತಾಗಿತ್ತು. ಬೆಲ್ಜಿಯಂಗಿಂತ ಎಪ್ಪತ್ತು ಪಟ್ಟಿಗೂ ಹೆಚ್ಚು ದೊಡ್ಡದಾದ ಆ ನಾಡಿಗೆ ಆತ ಒಮ್ಮೆಯೂ ಕಾಲಿಡಲಿಲ್ಲ. ಆಳ್ವಿಕೆಯ ಆರಂಭದಲ್ಲೇ ‘ಖಾಲಿ ಭೂಮಿ’ಯೆಲ್ಲ ಸರ್ಕಾರದ್ದೆಂದು ಘೋಷಿಸಲಾಯಿತು. ಗುಡಿಸಲು ಮತ್ತು ಉತ್ತ ಹೊಲಗಳನ್ನು ಬಿಟ್ಟರೆ ಉಳಿದುದೆಲ್ಲವೂ ಅವರ ದೃಷ್ಟಿಯಲ್ಲಿ ಖಾಲಿ. ಜನ ಬೇಟೆಯಾಡುತ್ತಿದ್ದ, ಜೇನು ಕೀಳುತ್ತಿದ್ದ, ಮದ್ದು ಬೇರು ಹುಡುಕುತ್ತಿದ್ದ ಕಾಡೂ ಖಾಲಿ. ಸೊಪ್ಪಿನಬೆಟ್ಟ, ಕಾನು, ಬೇಣಗಳ ನಡುವೆ ಬದುಕುವ ನಮಗೆ ಈ ಪದದ ತೂಕವನ್ನು ವಿವರಿಸಬೇಕಾಗಿಲ್ಲ. ಒಂದು ನೆಲವನ್ನು ಖಾಲಿಯೆಂದು ಬರೆದುಕೊಂಡ ಕೂಡಲೆ ಅಲ್ಲಿ ಬದುಕುವವರು ಅತಿಕ್ರಮಣಕಾರರೋ ಆಳುಗಳೋ ಆಗಿಬಿಡುತ್ತಾರೆ.

ಮುಂದಿನ ವ್ಯವಸ್ಥೆ ಬಹಳ ಸರಳವಾಗಿತ್ತು. ಪ್ರತಿ ಹಳ್ಳಿಗೂ ರಬ್ಬರಿನ ನಿಗದಿ ಗೊತ್ತುಮಾಡಲಾಯಿತು. ಅನೇಕ ಕಡೆ ಪ್ರತಿಯೊಬ್ಬ ವಯಸ್ಕ ಗಂಡಸು ಹದಿನೈದು ದಿನಕ್ಕೆ 3-4 ಕಿಲೋ ಒಣ ರಬ್ಬರ್ ಒಪ್ಪಿಸಬೇಕಾಗಿತ್ತು. ಹತ್ತಿರದ ಬಳ್ಳಿಗಳು ಬತ್ತಿದಂತೆ ಕಾಡಿನೊಳಗೆ ದಿನಗಟ್ಟಲೆ ನಡೆದು ಹೋಗಬೇಕಾಯಿತು. ಠಾಣ್ಯದ ಗುಮಾಸ್ತನಿಗೆ ಸಂಬಳ ಅಲ್ಪ. ಸಂಗ್ರಹಿಸಿದ ರಬ್ಬರಿನ ಮೇಲೆ ಕಮಿಷನ್ ಉಂಟು. ಹಳ್ಳಿಗರಿಗೆ ಎಷ್ಟು ಕಡಿಮೆ ಬೆಲೆ ಕೊಟ್ಟರೆ ಅಷ್ಟು ಹೆಚ್ಚು ಕಮಿಷನ್ ಎಂಬ ನಿಯಮವೂ ಕೆಲವು ಕಾಲ ಜಾರಿಯಲ್ಲಿತ್ತು. ಗಂಡಸರು ಕಾಡಿಗೆ ಹೋಗಲೊಲ್ಲದೆ ಹೋದರೆ ಅವರ ಹೆಂಡಿರು ಮಕ್ಕಳನ್ನು ಒತ್ತೆಯಾಗಿ ಕೂಡಿಹಾಕುತ್ತಿದ್ದರು. ನಿಗದಿ ತುಂಬಿದ ಮೇಲೆಯೇ ಬಿಡುಗಡೆ. ಬಂದೂಕು ಹಿಡಿದ ಕಾವಲುಗಾರರು ಹಳ್ಳಿಗಳಲ್ಲೇ ಬೀಡುಬಿಟ್ಟರು.

ಸೈನಿಕರಿಗೆ ಕೊಟ್ಟ ತೋಟಾಗಳು ವ್ಯರ್ಥವಾಗಬಾರದೆಂದು ಅಧಿಕಾರಿಗಳಿಗೆ ಕಾಳಜಿ. ಸಿಪಾಯಿಗಳು ಅವನ್ನು ಬೇಟೆಗೆ ಬಳಸಿಬಿಟ್ಟರೆ? ಆದುದರಿಂದ ಹಾರಿಸಿದ ಪ್ರತಿಯೊಂದು ಗುಂಡಿಗೂ ಸತ್ತವನ ಬಲಗೈಯನ್ನು ಕತ್ತರಿಸಿ ತಂದು ಲೆಕ್ಕ ಒಪ್ಪಿಸಬೇಕೆಂಬ ರೂಢಿ ಬೆಳೆಯಿತು. ಬೇಟೆಗೆ ಗುಂಡು ಖರ್ಚು ಮಾಡಿದವನು ಲೆಕ್ಕ ಸರಿದೂಗಿಸಲು ಬದುಕಿದ್ದವರ ಕೈಯನ್ನೇ ಕಡಿದದ್ದುಂಟು. 1899ರಲ್ಲಿ ವಿಲಿಯಂ ಶೆಪರ್ಡ್ ಎಂಬ ಕರಿಯ ಅಮೆರಿಕನ್ ಪಾದ್ರಿ ಒಂದು ಶಿಬಿರಕ್ಕೆ ಹೋದಾಗ ಬೆಂಕಿಯ ಮೇಲೆ ಕೈಗಳನ್ನು ಒಣಗಿಸುತ್ತಿದ್ದುದನ್ನು ಕಂಡರು, ಎಣಿಸಿದರು, 81 ಇದ್ದವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ಇದು ಲೆಕ್ಕವಿಲ್ಲದ ರಾಜ್ಯವಾಗಿರಲಿಲ್ಲ. ರಬ್ಬರಿಗೆ ಲೆಕ್ಕವಿತ್ತು, ತೋಟಾಕ್ಕೆ ಲೆಕ್ಕವಿತ್ತು, ಕಮಿಷನ್ನಿಗೆ ಲೆಕ್ಕವಿತ್ತು. ಸಿಪಾಯಿ ಗುಮಾಸ್ತನಿಗೆ, ಗುಮಾಸ್ತ ಮೇಲಧಿಕಾರಿಗೆ, ಅವನು ದೊರೆಗೆ, ಹೀಗೆ ಎಲ್ಲರೂ ಮೇಲಕ್ಕೆ ಕಟ್ಟುನಿಟ್ಟಾಗಿ ಲೆಕ್ಕ ಒಪ್ಪಿಸುತ್ತಿದ್ದರು. ಕೆಳಗಿನವನಿಗೆ ಮಾತ್ರ ಯಾರೂ ಲೆಕ್ಕ ಹೇಳಬೇಕಾಗಿರಲಿಲ್ಲ. ಅಲ್ಲಿ ಎಷ್ಟು ಜನ ಸತ್ತರೆಂಬುದಕ್ಕೆ ಇಂದಿಗೂ ಖಚಿತ ಸಂಖ್ಯೆಯಿಲ್ಲ, ಏಕೆಂದರೆ ಮೊದಲು ಜನಗಣತಿಯೇ ನಡೆದಿರಲಿಲ್ಲ. ಕೊಲೆ, ಹಸಿವು, ರೋಗ ಎಲ್ಲವೂ ಸೇರಿ ಸಾವು ಹಲವು ಲಕ್ಷಗಳಿಂದ ಒಂದು ಕೋಟಿಯವರೆಗೆ ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಗುಂಡುಗಳನ್ನು ಎಣಿಸಿದ ರಾಜ್ಯ ಮನುಷ್ಯರನ್ನು ಎಣಿಸಲಿಲ್ಲ. ‘ಅಂಕೆಯಿಲ್ಲದ ಅಧಿಕಾರ’ ಎಂದರೆ ನನ್ನ ಅರ್ಥದಲ್ಲಿ ಇದೇ: ಮೇಲಕ್ಕೆ ಮಾತ್ರ ಉತ್ತರ ಹೇಳಬೇಕಾದ, ಕೆಳಕ್ಕೆ ಉತ್ತರ ಹೇಳಬೇಕಾಗಿಲ್ಲದ ಅಧಿಕಾರ.

ಇದನ್ನೆಲ್ಲ ಮಾಡಿದವರು ಯಾರು? ಹುಟ್ಟು ರಾಕ್ಷಸರೆಂದರೆ ನಮ್ಮ ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಅದು ಸತ್ಯವಲ್ಲ. ಯೂರೋಪಿನಿಂದ ಹೋದವರಲ್ಲಿ ಬಹಳ ಮಂದಿ ಸಣ್ಣ ಊರುಗಳ ಗುಮಾಸ್ತರು, ಬಡ್ತಿ ಕಾಣದ ಕಿರಿಯ ಸೈನಿಕರು. ಬಂದೂಕು ಹಿಡಿದ ಸಿಪಾಯಿಗಳಲ್ಲಿ ಹೆಚ್ಚಿನವರು ಆಫ್ರಿಕದವರೇ. ಅವರಲ್ಲಿ ಅನೇಕರನ್ನು ಬಲವಂತದಿಂದಲೇ ಸೇನೆಗೆ ಸೇರಿಸಲಾಗಿತ್ತು. ತಾನು ಹೊಡೆಯದಿದ್ದರೆ ತನಗೇ ಚಾಟಿಯೇಟು ಎಂಬುದು ಅವರಿಗೆ ಗೊತ್ತಿತ್ತು.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಇನ್ನೊಂದು ಅಂಶವನ್ನು ಸೇರಿಸಬೇಕು. ಬಳ್ಳಿಗೆ ಹದವಾಗಿ ಗೀರು ಹಾಕಿದರೆ ಅದು ಮತ್ತೆ ಮತ್ತೆ ಹಾಲು ಕೊಡುತ್ತದೆ. ಇದು ಕಾಡಿನ ಜನರಿಗೆ ತಿಳಿಯದ್ದಲ್ಲ. ಆದರೆ ಹೆಂಡತಿ ಒತ್ತೆಯಲ್ಲಿರುವಾಗ ಹದ ನೋಡುವವರು ಯಾರು? ಬಳ್ಳಿಯನ್ನೇ ಕಡಿದು ಹಾಲು ಹಿಂಡಿದರು. ಕಡಿಯಬಾರದು, ಹೊಸ ಬಳ್ಳಿ ನೆಡಬೇಕು ಎಂದು ಸರ್ಕಾರ ಆಜ್ಞೆ ಹೊರಡಿಸಿತು. ನಿಗದಿಯನ್ನು ಮಾತ್ರ ಇಳಿಸಲಿಲ್ಲ. ಉಪ್ಪಾಗೆಗೆ ಬೆಲೆ ಏರಿದ ವರ್ಷಗಳಲ್ಲಿ ನಮ್ಮ ಘಟ್ಟದಲ್ಲಿಯೂ ಬಲಿಯದ ಕಾಯಿಯನ್ನು ಉದುರಿಸಿದ, ಕೊಂಬೆಯನ್ನೇ ಕಡಿದ ಉದಾಹರಣೆಗಳಿವೆ. ಇಲ್ಲಿ ಒತ್ತೆಯಾಳುಗಳಿರಲಿಲ್ಲ, ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಆದರೂ ನಾಳೆಯ ಫಲ ನನ್ನದೆಂಬ ಭರವಸೆ ಇಲ್ಲದವನ ಕೈಯಲ್ಲಿ ಕಾಡು ಉಳಿಯಲಾರದು ಎಂಬ ಪಾಠ ಎರಡಕ್ಕೂ ಸಮಾನ. ಮನುಷ್ಯರ ಮೇಲಿನ ದಬ್ಬಾಳಿಕೆ ಮತ್ತು ಕಾಡಿನ ಮೇಲಿನ ದಬ್ಬಾಳಿಕೆ ಒಂದೇ ಬುಡದಿಂದ ಚಿಗುರುತ್ತವೆ.

ಕಾಂಗೋ ಒಂದು ಅಪವಾದವೆಂದು ಯಾರಾದರೂ ಹೇಳಬಹುದು. ದಕ್ಷಿಣ ಅಮೆರಿಕದ ಪುಟುಮಾಯೋ ನದಿಯ ಕಾಡಿನಲ್ಲಿಯೂ ಅದೇ ಕಥೆ ಬಯಲಾಯಿತು. ಖಂಡ ಬೇರೆ, ಒಡೆಯರು ಬೇರೆ, ರಬ್ಬರ್ ಕೊಡುವ ಸಸ್ಯವೂ ಬೇರೆ. ಆದರೆ ಕಮಿಷನ್ ಅದೇ, ನಿಗದಿ ಅದೇ, ಚಾಟಿ ಅದೇ. ಅಲ್ಲಿ ಬುಡಕಟ್ಟು ಜನರನ್ನು ಹೊಡೆಯುತ್ತಿದ್ದವರಲ್ಲಿ ಬಾರ್ಬಡೋಸ್ ದ್ವೀಪದಿಂದ ಕೂಲಿಗೆಂದು ಬಂದ ಬಡವರೂ ಇದ್ದರು. ಅವರನ್ನೂ ಯಜಮಾನರು ಹೊಡೆಯುತ್ತಿದ್ದರು, ಸಾಲದಲ್ಲಿ ಸಿಲುಕಿಸಿದ್ದರು. ಹೊಡೆತ ತಿಂದವನೇ ಹೊಡೆಯುವವನಾಗುವುದು ಎಷ್ಟು ಸುಲಭವೆಂಬುದನ್ನು ಅವರ ಹೇಳಿಕೆಗಳು ತೋರಿಸುತ್ತವೆ.

ವಿಜ್ಞಾನಿಗಳು ಈ ಪ್ರಶ್ನೆಯನ್ನು ಪ್ರಯೋಗಶಾಲೆಗೂ ಒಯ್ದಿದ್ದಾರೆ. 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳನ್ನು ಕೈದಿಗಳು ಮತ್ತು ಕಾವಲುಗಾರರೆಂದು ವಿಂಗಡಿಸಿ ನಡೆಸಿದ ಪ್ರಯೋಗ ಪ್ರಸಿದ್ಧವಾದುದು. ಕಾವಲುಗಾರರ ಕ್ರೌರ್ಯದಿಂದಾಗಿ ಎರಡು ವಾರದ ಪ್ರಯೋಗವನ್ನು ಆರೇ ದಿನಕ್ಕೆ ನಿಲ್ಲಿಸಬೇಕಾಯಿತು. ಅಧಿಕಾರ ಸಿಕ್ಕರೆ ಸಾಕು, ಮನುಷ್ಯ ತಾನಾಗಿಯೇ ಕ್ರೂರಿಯಾಗುತ್ತಾನೆ ಎಂದು ಬಹುಕಾಲ ಪಾಠ ಹೇಳಲಾಯಿತು. ಆದರೆ ಆ ಪ್ರಯೋಗದ ಹಳೆಯ ಧ್ವನಿಮುದ್ರಣಗಳನ್ನು ಪರಿಶೀಲಿಸಿದವರು, ಗಟ್ಟಿಯಾಗಿ ವರ್ತಿಸುವಂತೆ ಸಂಘಟಕರೇ ಕಾವಲುಗಾರರನ್ನು ಒತ್ತಾಯಿಸಿದ್ದರೆಂದು ಇತ್ತೀಚಿನ ವರ್ಷಗಳಲ್ಲಿ ತೋರಿಸಿಕೊಟ್ಟಿದ್ದಾರೆ. ಕಾವಲುಗಾರರೆಲ್ಲರೂ ಕ್ರೂರಿಗಳೂ ಆಗಿರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ತಿದ್ದುಪಡಿ ಮೂಲ ಪಾಠಕ್ಕಿಂತ ಹೆಚ್ಚು ಉಪಯುಕ್ತ. ಕ್ರೌರ್ಯ ತಾನಾಗಿ ಉಕ್ಕುವ ಬುಗ್ಗೆಯಲ್ಲ. ಮೇಲಿನಿಂದ ಯಾರೋ ತೂಬು ಎತ್ತಿರುತ್ತಾರೆ.

ಅದಕ್ಕೂ ಮೊದಲು, 1961ರಲ್ಲಿ, ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಆರಂಭಿಸಿದ ಪ್ರಯೋಗವನ್ನೂ ನೆನೆಯಬೇಕು. ಪಕ್ಕದ ಕೋಣೆಯ ವ್ಯಕ್ತಿ ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ ಆಘಾತ ಕೊಡಬೇಕೆಂದು ಹೇಳಲಾಗಿತ್ತು. ಆಘಾತ ನಿಜವಾದುದಲ್ಲ, ಆದರೆ ಗುಂಡಿ ಒತ್ತುವವರಿಗೆ ಅದು ತಿಳಿದಿರಲಿಲ್ಲ. 40 ಜನರಲ್ಲಿ 26 ಮಂದಿ 450 ವೋಲ್ಟಿನ ಕೊನೆಯ ಗುಂಡಿಯನ್ನೂ ಒತ್ತಿದರು. ಈ ಅಂಕಿ ಬಹಳ ಜನರಿಗೆ ಗೊತ್ತು. ಇನ್ನೊಂದು ಅಂಕಿ ಅಷ್ಟಾಗಿ ಗೊತ್ತಿಲ್ಲ. ಜೊತೆಯಲ್ಲಿ ಕುಳಿತ ಇಬ್ಬರು ಮಧ್ಯದಲ್ಲಿ ‘ನಾವು ಒಲ್ಲೆವು’ ಎಂದು ಎದ್ದಾಗ, ಕೊನೆಯವರೆಗೆ ಹೋದವರು 40ರಲ್ಲಿ ಕೇವಲ 4 ಮಂದಿ. ಇಬ್ಬರು ಒಲ್ಲೆನೆಂದರೆ ಉಳಿದವರಿಗೂ ಒಲ್ಲೆನೆನ್ನುವ ಧೈರ್ಯ ಬರುತ್ತದೆ.

ಕಾಂಗೋದಲ್ಲಿಯೂ ಆದದ್ದು ಇದೇ. ಎಡ್ಮಂಡ್ ಮೊರೆಲ್ ಎಂಬಾತ ಲಿವರ್‌ಪೂಲಿನ ಹಡಗು ಕಂಪನಿಯೊಂದರ ಗುಮಾಸ್ತ. ಕಾಂಗೋದಿಂದ ಬರುವ ಹಡಗುಗಳ ತುಂಬ ರಬ್ಬರ್ ಮತ್ತು ದಂತ. ಅಲ್ಲಿಗೆ ಹೋಗುವ ಹಡಗುಗಳಲ್ಲಿ ವ್ಯಾಪಾರದ ಸರಕಿಲ್ಲ, ಬಂದೂಕು ತೋಟಾಗಳೇ ಹೆಚ್ಚು. ಬೆಲೆ ಕೊಡದೆ ಸರಕು ಬರುವುದಾದರೆ ಅದು ವ್ಯಾಪಾರವಲ್ಲ, ಸುಲಿಗೆ ಎಂದು ಅವನು ಲೆಕ್ಕದ ಪುಸ್ತಕದಿಂದಲೇ ಕಂಡುಕೊಂಡ. 1901ರಲ್ಲಿ ಕೆಲಸ ಬಿಟ್ಟು ಬರೆಯತೊಡಗಿದ. ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟ್ 1903ರಲ್ಲಿ ಕಾಂಗೋದ ಒಳನಾಡಿನಲ್ಲಿ ಸಂಚರಿಸಿ ಹಳ್ಳಿಗರ ಹೇಳಿಕೆಗಳನ್ನು ಬರೆದುಕೊಂಡ. ಪುಟುಮಾಯೋವನ್ನು ಮುಂದೆ ಬಯಲಿಗೆಳೆದವನೂ ಅವನೇ. ಪಾದ್ರಿಯ ಪತ್ನಿ ಆಲಿಸ್ ಹ್ಯಾರಿಸ್ ಛಾಯಾಚಿತ್ರ ತೆಗೆದಳು. ಎಲ್ಲಕ್ಕಿಂತ ಮುಖ್ಯವಾಗಿ, ಕೈ ಕಳೆದುಕೊಂಡವರೂ ಮಕ್ಕಳನ್ನು ಕಳೆದುಕೊಂಡವರೂ ಮುಂದೆ ಬಂದು ಸಾಕ್ಷಿ ನುಡಿದರು. 1908ರಲ್ಲಿ ದೊರೆ ಕಾಂಗೋವನ್ನು ಬಿಟ್ಟುಕೊಡಬೇಕಾಯಿತು. ಬಲವಂತದ ದುಡಿಮೆ ಅಂದೇ ಪೂರ್ತಿ ನಿಂತಿತೆಂದಲ್ಲ. ಆದರೆ ದೊರೆಯೊಬ್ಬನ ಖಾಸಗಿ ರಾಜ್ಯ ಕೊನೆಗೊಂಡಿತು. ಬಿಟ್ಟುಕೊಡುವ ಮೊದಲು ಅವನು ಮಾಡಿಸಿದ ಕೆಲಸವೆಂದರೆ ದಫ್ತರುಗಳನ್ನು ಸುಡಿಸಿದ್ದು. ಕಡತಗಳು ಎಂಟು ದಿನ ಉರಿದವಂತೆ. ಅಧಿಕಾರ ಯಾವುದಕ್ಕೆ ಅಂಜುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ನಮ್ಮ ಅಂಗಳಕ್ಕೆ ಬರೋಣ. ವಿದ್ಯಾರ್ಥಿ ಮಿತ್ರರು ಹಾಸ್ಟೆಲುಗಳಲ್ಲಿ ರ‍್ಯಾಗಿಂಗ್ ಕಂಡಿರಬಹುದು, ಕೇಳಿರಬಹುದು. ಕಳೆದ ವರ್ಷ ಅತ್ತ ಹುಡುಗನೇ ಈ ವರ್ಷ ಅಳಿಸುತ್ತಾನೆ. ಅವನು ಕೆಟ್ಟ ಹುಡುಗನಲ್ಲ. ಬಾಗಿಲು ಮುಚ್ಚಿದೆ, ಕೇಳುವವರಿಲ್ಲ, ‘ಇದು ಪದ್ಧತಿ’ ಎಂಬ ಅಪ್ಪಣೆಯಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ಕಠಿಣ ನಿಯಮಗಳನ್ನು ತಂದಿದೆ. ಆದರೆ ನಿಯಮಕ್ಕಿಂತ ಮೊದಲು ಬೇಕಾದವರು ‘ನಾವು ಒಲ್ಲೆವು’ ಎಂದು ಎದ್ದು ನಿಲ್ಲುವ ಇಬ್ಬರು.

ಹಳ್ಳಿಯ ಬಂಧುಗಳಿಗೆ ಎರಡು ಕಾನೂನುಗಳನ್ನು ನೆನಪಿಸುತ್ತೇನೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ 10 ರೂಪಾಯಿ ಶುಲ್ಕದೊಂದಿಗೆ ಯಾವುದೇ ನಾಗರಿಕರು ಸರ್ಕಾರಿ ಕಡತದ ಪ್ರತಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಹಕ್ಕುಗಳ ನಿರ್ಣಯವನ್ನು ಆರಂಭಿಸುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ, ಸಮುದಾಯದ ಕಾಡನ್ನು ಕಾಯುವ ಹಕ್ಕನ್ನೂ ಗುರುತಿಸಿದೆ. ಮೇಲಕ್ಕೆ ಮಾತ್ರ ಹರಿಯುವ ಲೆಕ್ಕವನ್ನು ಕೆಳಕ್ಕೂ ತಿರುಗಿಸುವ ಕಾಲುವೆಗಳಿವು. ಹೂಳು ತೆಗೆಯದಿದ್ದರೆ ಕಾಲುವೆ ಇದ್ದೂ ಇಲ್ಲದಂತೆ. ಗ್ರಾಮಸಭೆಯ ಹಾಜರಿ ಪುಸ್ತಕಕ್ಕೆ ಮನೆಯಲ್ಲೇ ಕುಳಿತು ಸಹಿ ಹಾಕುವ ಪ್ರತಿಯೊಬ್ಬರೂ ಹೂಳು ತುಂಬುವವರೇ.

ಇದನ್ನು ಯಾವುದೋ ಇಲಾಖೆಯ ವಿರುದ್ಧದ ಮಾತೆಂದು ಮಾತ್ರ ಭಾವಿಸಿದರೆ ನನ್ನ ಶ್ರಮ ವ್ಯರ್ಥ. ಗ್ರಾಮ ಅರಣ್ಯ ಸಮಿತಿಯ ಅಧ್ಯಕ್ಷತೆ ನಮ್ಮವನಿಗೇ ಸಿಕ್ಕಿದಾಗ ಸೌದೆ ಹೊರುವ ಹೆಂಗಸಿಗೆ ಅವನು ಉತ್ತರ ಹೇಳುತ್ತಾನೆಯೇ? ನಮ್ಮ ತೋಟಕ್ಕೆ ಕೊನೆ ಕೊಯ್ಯಲು ಬರುವವರು ಕೂಲಿಯ ಲೆಕ್ಕ ಕೇಳಿದರೆ ನಮ್ಮ ಮುಖ ಹೇಗಾಗುತ್ತದೆ? ಕಾಡನ್ನು ಉಳಿಸುತ್ತೇವೆಂದು ಹೊರಟ ಈ ಬಳಗವೂ ಹೊರತಲ್ಲ. ಒಳ್ಳೆಯ ಉದ್ದೇಶ ಅಧಿಕಾರಕ್ಕೆ ಅಂಕೆಯಾಗಲಾರದು. ಲಿಯೋಪೋಲ್ಡನೂ ಕಾಂಗೋಗೆ ನಾಗರಿಕತೆಯನ್ನು ಕೊಡಲು ಬಂದವನೆಂದೇ ಹೇಳಿಕೊಂಡಿದ್ದ.

ಆದುದರಿಂದ ನನ್ನದು ಒಂದೇ ಸಲಹೆ. ಯಾವುದೇ ಅಧಿಕಾರವನ್ನು, ಅದು ಸರ್ಕಾರದ್ದಾಗಲಿ ಸಂಘದ್ದಾಗಲಿ ಮನೆಯದ್ದಾಗಲಿ, ಅಳೆಯುವಾಗ ಅದನ್ನು ಹಿಡಿದವನು ಒಳ್ಳೆಯವನೋ ಕೆಟ್ಟವನೋ ಎಂದು ಮೊದಲು ಕೇಳಬೇಡಿ. ಅವನು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂದು ಕೇಳಿ. ಉತ್ತರ ಕೆಳಗಿನವರತ್ತ ಬೆರಳು ತೋರಿಸದಿದ್ದರೆ, ಒಳ್ಳೆಯವನ ಕೈಯಲ್ಲಿದ್ದರೂ ಅದು ಅಪಾಯಕಾರಿ. ಇಂದಿನ ಸಭೆಯ ಕಾರ್ಯಸೂಚಿಯಲ್ಲಿ ಬಳಗದ ಜಮಾಖರ್ಚನ್ನು ಓದುವ ಕಾರ್ಯಕ್ರಮವಿದೆ. ಸಾಮಾನ್ಯವಾಗಿ ಆ ಹೊತ್ತಿಗೆ ಅರ್ಧ ಜನ ಬಸ್ಸಿಗೆ ಹೊರಟಿರುತ್ತಾರೆ. ಇಂದು ದಯವಿಟ್ಟು ಕುಳಿತು ಕೇಳಿ, ಪ್ರಶ್ನೆಗಳನ್ನೂ ಕೇಳಿ.